ಇಳಿಜಾರಿನ ಬುಡದ ಗೆರೆ

ತನ್ನ ತಪ್ಪನ್ನು ತಪ್ಪು ಎಂದು ಒಪ್ಪಿಕೊಳ್ಳಲು ವರ್ಷಕ್ಕೊಮ್ಮೆ ಅದೇ ಜಾಗಕ್ಕೆ ಹೋಗಿ ನಿಲ್ಲುವ ಮನುಷ್ಯ ನನಗೆ ಗೊತ್ತಿರುವುದು ಒಬ್ಬನೇ. ಅದಕ್ಕೇ ಅವನ ಬಗ್ಗೆ ಬರೆಯುತ್ತಿದ್ದೇನೆ. ನನಗೆ ಬರೆದು ರೂಢಿಯಿಲ್ಲ. ಐದು ದಿನದ ಸೈಕಲ್ ರೇಸಿನಲ್ಲಿ ಎಲ್ಲರ ಹಿಂದೆ ಹೋಗುವ ವ್ಯಾನ್ ನನ್ನದು. ಕೈಲಾಗದೆ ನಿಂತವರನ್ನು ಹತ್ತಿಸಿಕೊಳ್ಳುವುದು ಕೆಲಸ.

ಅವನು ಸೈಕಲ್ ರಿಪೇರಿಯವನು. ಎಲ್ಲರೂ ಕಡ್ಡಿಯಣ್ಣ ಎನ್ನುತ್ತಾರೆ. ಚಕ್ರದ ಕಡ್ಡಿಗಳನ್ನು ಉಗುರಿನಿಂದ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲ ಎಂದು ಹೇಳುತ್ತಾನೆ. ಅಂಗಡಿ ಎಂದರೆ ಒಂದು ಬಾಗಿಲು, ಪಂಕ್ಚರ್ ನೋಡಲು ಒಂದು ಬಾನಿ ನೀರು, ಗೋಡೆ ತುಂಬ ಚಕ್ರಗಳು. ಅವನ ತಮ್ಮ ರೇಸಿನ ಸವಾರ. ಅಪ್ಪ ಅಮ್ಮ ಬೇಗ ಹೋದರು. ತಮ್ಮನ ಸೀಟು ಹಿಡಿದು ಹಿಂದೆ ಓಡಿ ಸೈಕಲ್ ಕಲಿಸಿದ್ದು ಇವನೇ.

ಆಗ ರೇಸು ಸಪ್ಪೆಯಾಗಿತ್ತು. ಮೊದಲ ನಾಲ್ಕು ದಿನ ಸವಾರರು ಶಕ್ತಿ ಉಳಿಸಿಕೊಂಡು ಕುರಿಮಂದೆಯ ಹಾಗೆ ಒಟ್ಟಿಗೆ ಹೋಗುತ್ತಿದ್ದರು. ನೋಡುವವರು ಆಕಳಿಸುತ್ತಿದ್ದರು. ಕಡ್ಡಿಯಣ್ಣ ಒಂದು ನೋಟ್ ಬುಕ್ಕಿನಲ್ಲಿ ಉಪಾಯಗಳನ್ನು ಬರೆದಿಡುತ್ತಿದ್ದ. ಪ್ರತಿ ವರ್ಷ ರೇಸಿನ ಸೆಕ್ರೆಟರಿಯ ಬೆನ್ನು ಹತ್ತುತ್ತಿದ್ದ.

“ಸಾರ್, ಒಂದು ದಿನದ ಮಟ್ಟಿಗೆ ಹಿಂದೆ ಬಿದ್ದೋನನ್ನ ಮೊದಲು ಹೊರಡಿಸಿ. ಮುಂದಿರೋನು ಅಟ್ಟಿಸ್ಕೊಂಡು ಬರಲಿ.”

“ಕಡ್ಡಿಯಣ್ಣಾ, ನೀನು ಚಕ್ರದ ಬೆಂಡು ತೆಗಿ ಸಾಕು. ನಮ್ಮ ರೇಸಿನ ಬೆಂಡು ತೆಗೀಬೇಡ.”

ಒಂದು ವರ್ಷ ಅವರು ಕಿವಿಗೊಟ್ಟರು.

“ಬೆಟ್ಟ ಹತ್ತೋದಕ್ಕೆ ಎಲ್ಲಾರೂ ಬಹುಮಾನ ಕೊಡ್ತಾರೆ ಸಾರ್. ನೀವು ಇಳಿಯೋದಕ್ಕೆ ಕೊಡಿ. ನಾಲ್ಕನೇ ದಿನ ಬೆಟ್ಟದ ಬುಡದಲ್ಲಿ ಒಂದು ಗೆರೆ ಎಳೀರಿ. ಮೊದಲು ದಾಟಿದೋನ ಒಟ್ಟು ಸಮಯದಲ್ಲಿ ಇಪ್ಪತ್ತು ಸೆಕೆಂಡ್ ಕಳೀರಿ. ಆಮೇಲೆ ಯಾರು ಆಕಳಿಸ್ತಾರೆ ನೋಡೋಣ.”

“ರಸ್ತೆ ಹೇಗಿದೆ?”

“ನಾನೇ ಇಳಿದು ನೋಡಿದೀನಿ. ಏಳು ತಿರುವೂ ಬೆಣ್ಣೆ ಥರ ಇವೆ.”

ಅವನು ಸುಳ್ಳು ಹೇಳಲಿಲ್ಲ. ಇಳಿದಿದ್ದು ನಿಜ. ಆದರೆ ತನ್ನ ಹಳೇ ಸೈಕಲ್ಲಿನಲ್ಲಿ, ಹಿಂದೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು, ಎರಡೂ ಬ್ರೇಕು ಹಿಡಿದು ಇಳಿದಿದ್ದ.

ಆ ವರ್ಷದ ರೇಸಿನ ನಾಲ್ಕನೇ ದಿನ ಬೆಳಿಗ್ಗೆ ಕಡ್ಡಿಯಣ್ಣ ತಮ್ಮನ ಚಕ್ರಕ್ಕೆ ಗಾಳಿ ಹಾಕುತ್ತಿದ್ದ. ನಾನು ಪಕ್ಕದಲ್ಲೇ ಇದ್ದೆ.

“ಅಣ್ಣಾ, ನಿನ್ನ ಗೆರೆನ ಬೇರೆ ಯಾವನೋ ಮೊದಲು ದಾಟಿದ್ರೆ ನನ್ನ ಮಾನ ಉಳಿಯುತ್ತಾ?”

“ಹನ್ನೆರಡನೇ ಜಾಗದಲ್ಲಿರೋನಿಗೆ ಯಾವ ಮಾನವೋ? ನೀರು ಕುಡಿದು ಹೊರಡು.”

ಇಬ್ಬರೂ ನಕ್ಕರು.

ನನ್ನ ವ್ಯಾನ್ ಐದನೇ ತಿರುವಿಗೆ ಬಂದಾಗ ತಮ್ಮನ ಸೈಕಲ್ ತಡೆಗೋಡೆಯ ಈಚೆ ಇತ್ತು. ಅವನು ಆಚೆ, ಕೆಳಗೆ ಬಂಡೆಯ ಮೇಲೆ ಇದ್ದ. ಉಸಿರು ನಿಂತಿತ್ತು. ಅವನನ್ನು ಆಂಬುಲೆನ್ಸ್ ಒಯ್ದಿತು. ಸೈಕಲ್ ನಾನು ಅಂಗಡಿಗೆ ತಂದೆ.

ಕಡ್ಡಿಯಣ್ಣ ಆ ಚಕ್ರಗಳ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡಿದ. ಯಾವುದೂ ಸಡಿಲವಾಗಿರಲಿಲ್ಲ.

“ನಾನು ಬ್ರೇಕ್ ಹಿಡಿದು ಇಳಿದಿದ್ದೆ ಕಣಯ್ಯ,” ಎಂದ. “ಗೆಲ್ಲೋಕೆ ಹೊರಟೋನು ಹಿಡೀತಾನಾ? ಅದು ಹೊಳೀಲೇ ಇಲ್ಲ ನನಗೆ.”

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿದೆ.

ಮರುವರ್ಷ ರೇಸಿಗೆ ಮುಂಚೆ ಸೆಕ್ರೆಟರಿ ಅಂಗಡಿಗೆ ಬಂದರು.

“ಆ ಗೆರೆ ಅಳಿಸಿಬಿಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ.”

“ಹೇಗೆ ಅಳಿಸ್ಲಯ್ಯ? ಜನ ಈಗ ಅದನ್ನ ನೋಡೋಕೇ ಬರ್ತಾರೆ. ಬೇಕಾದ್ರೆ ಅದಕ್ಕೆ ನಿನ್ನ ತಮ್ಮನ ಹೆಸರು ಇಡೋಣ.”

“ಅವನ ಹೆಸರು ಮನೇಲಿ ಕರೆಯೋಕೆ ಇಟ್ಟಿದ್ದು ಸಾರ್.”

ಅವರು ಹೋದ ಮೇಲೆ ನೋಟ್ ಬುಕ್ಕನ್ನು ಬಾನಿಯ ನೀರಿಗೆ ಹಾಕಿದ. ಶಾಯಿ ಬಿಟ್ಟುಕೊಂಡಿತು.

ಗೆರೆ ಇನ್ನೂ ಇದೆ. ಪ್ರತಿ ವರ್ಷ ನಾಲ್ಕನೇ ದಿನ ಕಡ್ಡಿಯಣ್ಣ ಅಂಗಡಿ ಮುಚ್ಚಿ ಬೆಟ್ಟಕ್ಕೆ ನಡೆದುಕೊಂಡೇ ಹೋಗುತ್ತಾನೆ. ಐದನೇ ತಿರುವಿಗೆ ಸ್ವಲ್ಪ ಮೇಲೆ ಕೆಂಪು ಬಟ್ಟೆ ಬೀಸುತ್ತಾ, “ಬ್ರೇಕ್ ಹಿಡೀರಪ್ಪಾ, ಹಿಡೀರೋ!” ಎಂದು ಕೂಗುತ್ತಾನೆ. ಕೆಲವರು ಹಿಡಿಯುತ್ತಾರೆ. ಹೆಚ್ಚಿನವರಿಗೆ ಗಾಳಿಯ ಸದ್ದಿನಲ್ಲಿ ಕೇಳಿಸುವುದಿಲ್ಲ. ಕೊನೆಗೆ ನನ್ನ ವ್ಯಾನ್ ಬರುತ್ತದೆ.

“ಎಲ್ಲಾ ಇಳಿದ್ರಾ?” ಎಂದು ಕೇಳುತ್ತಾನೆ.

“ಇಳಿದ್ರು,” ಎನ್ನುತ್ತೇನೆ. ಆಮೇಲೆಯೇ ವ್ಯಾನ್ ಹತ್ತುತ್ತಾನೆ.

ರೇಸ್ ನೋಡಲು ಹೋಗುವವರಲ್ಲಿ ನನ್ನದೊಂದು ಕೋರಿಕೆ. ಗೆರೆಯ ಹತ್ತಿರ ನಿಲ್ಲಬೇಡಿ. ಐದನೇ ತಿರುವಿಗೆ ಹತ್ತಿ ಹೋಗಿ. ಕೆಂಪು ಬಟ್ಟೆ ಹಿಡಿದವನನ್ನು ಮಾತಾಡಿಸಿ, ಅವನ ಪಕ್ಕದಲ್ಲಿ ನಿಂತು ನೀವೂ ಕೂಗಿ. ಒಬ್ಬನ ಗಂಟಲು ಸಾಲುತ್ತಿಲ್ಲ.