ಗಾಳಿ ಮೇಲಕ್ಕೆ ತಿರುಗಿದ ಬೆಳಗ್ಗೆ

ನನ್ನ ಅಕ್ಕ ನೋಟ್ಬುರ್ಗಾಳನ್ನು ಊರೆಲ್ಲ ಬುರ್ಗಾ ಎಂದೇ ಕರೆಯುತ್ತದೆ. ಟಿರೋಲ್ ಬೆಟ್ಟಸೀಮೆಯ ಈ ಇಕ್ಕಟ್ಟು ಕಣಿವೆಯಲ್ಲಿ ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಆದರೆ ಬೆಟ್ಟದ ಗಾಳಿಯನ್ನು ಅವಳಷ್ಟು ಬಲ್ಲವರು ನಮ್ಮ ಬೇಟೆ ಸಂಘದಲ್ಲಿ ಇನ್ನೊಬ್ಬರಿರಲಿಲ್ಲ. ಬೇಟೆಯ ಕಾಲ, ಸೆಪ್ಟೆಂಬರ್ ಬಂತೆಂದರೆ ಜಿಂಕೆಗೆ ವಾಸನೆ ಹತ್ತಬಾರದೆಂದು ಸೋಪು ಮುಟ್ಟುತ್ತಿರಲಿಲ್ಲ. ಬೇಟೆಯ ಬಟ್ಟೆಯನ್ನು ಮನೆಯೊಳಗೆ ತಾರದೆ ಹಿತ್ತಲಿನ ಸ್ಪ್ರೂಸ್ ಮರಕ್ಕೆ ನೇತುಹಾಕುತ್ತಿದ್ದಳು. ಆ ತಿಂಗಳುಗಳಲ್ಲಿ ಭಾವ ಊಟದ ಮೇಜಿನ ಆ ತುದಿಗೆ ಹೋಗಿ ಕೂರುತ್ತಿದ್ದ, ಪಾಪ.

ನನಗೆ ಬೇಟೆ ಕಲಿಸಿದ್ದೂ ಅವಳೇ. ಜೇಬಿನಲ್ಲಿ ಒಲೆಯ ಬೂದಿಯ ಚೀಲ ಇಟ್ಟುಕೊಂಡು, ಹತ್ತು ಹೆಜ್ಜೆಗೊಮ್ಮೆ ಚಿಟಿಕೆ ಹಾರಿಬಿಟ್ಟು ಅದು ಹೋಗುವ ದಿಕ್ಕು ನೋಡುತ್ತಿದ್ದಳು. ಬಿಸಿಲು ಬೀಳುವ ಮೊದಲು ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ, ಆಗ ಜಿಂಕೆಯ ಕೆಳಗಿನಿಂದ ಹತ್ತಬೇಕು. ಬಿಸಿಲು ಬಿದ್ದು ನೆಲ ಕಾದರೆ ಗಾಳಿ ಮೇಲಕ್ಕೇಳುತ್ತದೆ, ಆಗ ಜಿಂಕೆಯ ಮೇಲಿನಿಂದ ಇಳಿಯಬೇಕು. ಇಷ್ಟನ್ನು ನನ್ನ ಮಂದ ತಲೆಗೆ ತುಂಬಲು ಅವಳಿಗೆ ಎರಡು ವರ್ಷ ಹಿಡಿಯಿತು.

ಆ ಅಕ್ಟೋಬರ್ ಬೆಳಗ್ಗೆ ನಾವಿಬ್ಬರೇ ಹೋಗಿದ್ದೆವು. ಆಲ್ಡರ್ ಪೊದೆಗಳಲ್ಲಿ ದೊಡ್ಡ ಗಂಡು ಜಿಂಕೆಯೊಂದು ಮಲಗುತ್ತಿತ್ತು. ಪೊದೆಗಳ ಮೇಲ್ತುದಿಯ ಅಟ್ಟಣೆಯಲ್ಲಿ ನಾನು ಕೂರುವುದು, ಅವಳು ಹಳ್ಳದಿಂದ ಹತ್ತಿ ಪೊದೆಗಳ ಕೆಳಗಿನ ಒಂಟಿ ಲಾರ್ಚ್ ಮರದ ಬಳಿ ನಿಲ್ಲುವುದು ಎಂದು ಗೊತ್ತು ಮಾಡಿಕೊಂಡಿದ್ದೆವು. ಹತ್ತು ಗಂಟೆಯವರೆಗೆ ಇಬ್ಬರೂ ಜಾಗ ಬಿಡುವಂತಿರಲಿಲ್ಲ. ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ಗೊತ್ತಿರಲೇಬೇಕು ಎನ್ನುವುದು ಸಂಘದ ನಿಯಮ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ.

ಎಂಟೂಮುಕ್ಕಾಲಿಗೆಲ್ಲ ಮೋಡ ಹರಿದು ಇಳಿಜಾರಿನ ಮೇಲೆ ಬಿಸಿಲು ಬಿತ್ತು. ನನ್ನ ಮುಖಕ್ಕೆ ಕೆಳಗಿನಿಂದ ಬೆಚ್ಚನೆಯ ಗಾಳಿ ತಾಗಿತು. ಅರ್ಧ ಗಂಟೆಯಾದ ಮೇಲೆ ನೂರು ಹೆಜ್ಜೆ ಕೆಳಗೆ ಪೊದೆಯೊಂದು ಅಲ್ಲಾಡಿತು. ಎಲೆಗಳ ಸಂದಿಯಲ್ಲಿ ಕಂದು ಬಣ್ಣದ ಬೆನ್ನು ನಿಧಾನವಾಗಿ ಸರಿಯಿತು. ಅದರ ಮುಂದೆ ಬೂದು ಬಣ್ಣದ ಉದ್ದನೆಯದೊಂದು ಕಂಡಿತು. ಕೊಂಬು ಎಂದುಕೊಂಡೆ. ಎಂದುಕೊಂಡೆ ಅಷ್ಟೆ, ನೋಡಲಿಲ್ಲ.

ನಮ್ಮ ಕಡೆಯ ಕೋವಿಗಳಿಗೆ ಎರಡು ಟ್ರಿಗರ್. ಹಿಂದಿನದನ್ನು ಎಳೆದು ಅಣಿ ಮಾಡಿಟ್ಟರೆ, ಮುಂದಿನದಕ್ಕೆ ಉಗುರು ತಾಗಿದರೂ ಸಾಕು, ಗುಂಡು ಹಾರುತ್ತದೆ. ನಾನು ಹಿಂದಿನದನ್ನು ಎಳೆದೆ. ಕೋವಿಯ ಮೇಲಿನ ದುರ್ಬೀನಿನಲ್ಲಿ ಕಂದು ಬೆನ್ನು ತುಂಬಿಕೊಂಡಿತು. ಆಗ ಆ ಬೆನ್ನಿನ ಪಕ್ಕದಿಂದ ಬೂದಿಯ ಒಂದು ಚಿಟಿಕೆ ಎದ್ದು, ಬಿಸಿಲಲ್ಲಿ ತೇಲುತ್ತ ನನ್ನ ಕಡೆಗೇ ಬಂತು.

ಜಿಂಕೆಯಲ್ಲ, ಅಕ್ಕ. ಕೂಗಿದರೆ ಮೈ ಅಲುಗಿ ಬೆರಳು ತಾಗೀತೆಂದು ಕೂಗಲಿಲ್ಲ. ಬೆರಳು ಟ್ರಿಗರಿನಿಂದ ಕೂದಲೆಳೆಯಷ್ಟು ದೂರದಲ್ಲಿತ್ತು. ತೆಗೆಯಲು ಹೋದರೆ ಎಲ್ಲಿ ತಾಗುತ್ತದೋ ಎಂದು ತೆಗೆಯಲೂ ಭಯ, ಇಡಲೂ ಭಯ. ದೇವರೇ ದೇವರೇ ಎನ್ನುತ್ತ ನಳಿಗೆಯನ್ನು ಮಾತ್ರ ಇಷ್ಟಿಷ್ಟೇ ಮೇಲಕ್ಕೆತ್ತಿದೆ. ಅದು ಆಕಾಶ ನೋಡುವಷ್ಟರಲ್ಲಿ ಗುಂಡು ತಾನಾಗಿ ಹಾರಿತು.

ಸದ್ದು ಎದುರು ಬೆಟ್ಟಕ್ಕೆ ಬಡಿದು ವಾಪಸು ಬಂತು. ನೆಲಕ್ಕೆ ಕವುಚಿದ ಅಕ್ಕ ಏಳಲಿಲ್ಲ. ಹೆಸರು ಹಿಡಿದು ಕೂಗಿದೆ, ಉತ್ತರವಿಲ್ಲ. ಮೇಲಕ್ಕೆತ್ತಿದ್ದೆನೋ, ಎತ್ತಿದೆ ಎಂದುಕೊಂಡೆನೋ, ನನಗೇ ನಂಬಿಕೆ ಹೋಯಿತು. ಏಣಿಯ ಕೊನೆಯ ಮೆಟ್ಟಿಲುಗಳಿಂದ ಬಿದ್ದು, ತೆವಳಿಕೊಂಡೇ ಪೊದೆ ಹೊಕ್ಕೆ. ಮುಖ ಕೆಳಗಾಗಿ ಮಲಗಿದ್ದಳು. ಪಕ್ಕದಲ್ಲಿ ಅವಳು ಊರಿಕೊಂಡು ನಡೆಯುವ ಹೇಜಲ್ ಮರದ ಕೋಲು ಬಿದ್ದಿತ್ತು. ನಾನು ಕೊಂಬೆಂದುಕೊಂಡದ್ದು ಅದು.

ತಲೆಯೆತ್ತದೆ ಪಿಸುಗುಟ್ಟಿದಳು: "ಬಿತ್ತೇನೋ? ಸದ್ದು ಮಾಡ್ಬೇಡ, ಎದ್ದು ಓಡ್ಬಿಡತ್ತೆ. ಎಲ್ಲಿತ್ತು?"

"ನೀನೇ ಕಣೇ ಅಕ್ಕ," ಎಂದೆ. "ನಾನು ಗುರಿ ಇಟ್ಟಿದ್ದು ನಿನಗೇ."

ಎದ್ದು ಕುಳಿತಳು. ಅಟ್ಟಣೆಯನ್ನು ನೋಡಿದಳು, ತಾನು ಮಲಗಿದ್ದ ಜಾಗವನ್ನು ನೋಡಿದಳು. ತನ್ನ ಕಂದು ಕೋಟಿನ ಗುಂಡಿಯನ್ನು ಸುಮ್ಮನೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡತೊಡಗಿದಳು. ಆಮೇಲೆ ಹೇಳಿದಳು, ಬಿಸಿಲು ಬಿದ್ದ ಕೂಡಲೇ ತನ್ನ ವಾಸನೆ ಮೇಲೆದ್ದು ಜಿಂಕೆಗೆ ಬಡಿಯುತ್ತದೆಂದು ಲಾರ್ಚ್ ಬಿಟ್ಟು, ಕೊರಕಲಿನಲ್ಲಿ ಸುತ್ತು ಹಾಕಿ ಮೇಲಿನಿಂದ ಇಳಿಯುತ್ತಿದ್ದಳಂತೆ. ಗಾಳಿಯ ಲೆಕ್ಕದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ.

"ಜಿಂಕೆ ಮೂಗು ನೆನಪಿತ್ತು," ಎಂದಳು. "ನೀನು ಮೇಲಿದೀಯ ಅನ್ನೋದು ಮರ್ತೇ ಹೋಯ್ತು."

ಇಳಿಯುವ ದಾರಿಯಲ್ಲಿ ಒಮ್ಮೆ ಮಾತ್ರ ನಿಂತಳು.

"ಹಿಂದಿನದನ್ನ ಎಳೆದಾಗಿತ್ತು, ಅಲ್ವಾ?"

"ಹೂಂ."

"ಅದನ್ನ ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಸಂಜೆ ಸಂಘದವರೆಲ್ಲ ಊಟಕ್ಕೆ ಕೂತಿದ್ದಾಗ ಮುಖ್ಯಸ್ಥ ರೋಮೆಡ್‌ನ ಮುಂದೆ ತನ್ನ ಬೇಟೆ ಪರವಾನಗಿಯನ್ನು ಇಟ್ಟುಬಿಟ್ಟಳು. ಹೇಳಿದ ಜಾಗ ಬಿಟ್ಟದ್ದು ತಾನು, ಶಿಕ್ಷೆ ತನಗೇ ಎಂದಳು. ಅವನು ನನ್ನ ಕಡೆ ತಿರುಗಿ, ಏನೆಂದು ಸರಿಯಾಗಿ ನೋಡಿದ ಮೇಲೆಯೇ ಕೋವಿ ಎತ್ತಿದೆಯಾ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಅವನು ನೋಡಿದ್ದಕ್ಕೇ ನಾನು ಬದುಕಿರೋದು," ಎಂದಳು. ನಾನು ಹೇಡಿ, ತಟ್ಟೆಯಲ್ಲಿದ್ದ ಸೂಪು ಕುಡಿಯುತ್ತ ಕೂತೆ. ಸಂಘ ನನ್ನ ಬೆನ್ನು ತಟ್ಟಿತು.

ಇದಾಗಿ ಹನ್ನೆರಡು ವರ್ಷವಾಯಿತು. ಅಕ್ಕ ಮತ್ತೆ ಬೆಟ್ಟ ಹತ್ತಲಿಲ್ಲ. ಭಾನುವಾರ ನಾನು ಹೋದರೆ ಪ್ರೀತಿಯಿಂದಲೇ ಕೂರಿಸುತ್ತಾಳೆ, ಡಂಪ್ಲಿಂಗ್ ಬಡಿಸುತ್ತಾಳೆ, ನಾನು ದಪ್ಪಗಾದೆನೆಂದು ಛೇಡಿಸುತ್ತಾಳೆ. ಆದರೆ ಒಂದು ಸಲವೂ ನನಗೆ ಬೆನ್ನು ಹಾಕಿ ನಿಲ್ಲುವುದಿಲ್ಲ. ಕಾಫಿ ಕಾಯಿಸುವಾಗಲೂ ಒಲೆಯ ಪಕ್ಕಕ್ಕೆ ಓರೆಯಾಗಿ ನಿಂತು, ನನ್ನ ಕೈಗಳನ್ನೇ ನೋಡುತ್ತಿರುತ್ತಾಳೆ.