ಸೀಟಿನಡಿಯ ಮರಳು

ಕುಕ್ಕುವಾಡದ ಲಿಂಗಣ್ಣ ಅನುಮಾನದ ಮನುಷ್ಯ. ಹಾಲು ಕೊಂಡರೆ ಒಂದು ತೊಟ್ಟು ಉಗುರಿನ ಮೇಲೆ ಬಿಟ್ಟು ನೋಡುತ್ತಾನೆ. ಪೆಟ್ರೋಲ್ ಹಾಕಿಸಿದರೆ ಮೀಟರಿನ ಮೇಲಿಂದ ಕಣ್ಣು ಕೀಳುವುದಿಲ್ಲ. ಹೆಂಡತಿ ಉಪ್ಪು ಸರಿಯಾಗಿದೆ ಎಂದು ಎಷ್ಟೇ ಹೇಳಲಿ, ಸಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದ ಮೇಲೇ ಅನ್ನಕ್ಕೆ ಕಲಸುವುದು. ಇಂಥವನನ್ನು ಬೇರೆ ಊರಿನಲ್ಲಾದರೆ ಜನ ದೂರ ಇಡುತ್ತಿದ್ದರೋ ಏನೋ. ಕುಕ್ಕುವಾಡದವರು ಬುದ್ಧಿವಂತರು, ಅವನ ಅನುಮಾನವನ್ನೇ ಊರಿನ ಉಪಯೋಗಕ್ಕೆ ಬಳಸಿಕೊಂಡರು. ಯಾರು ಎತ್ತು ಕೊಳ್ಳಲು ಹೊರಟರೂ ಲಿಂಗಣ್ಣ ಜೊತೆಗಿರಬೇಕು.

ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಲ್ಲ. ಮಾರುವವನೂ ಕೊಳ್ಳುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದರೆ ಬೆಲೆ, ಬೆರಳು ಮಡಿಸಿದರೆ ಇಳಿಕೆ. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಲಿಂಗಣ್ಣನ ಹೆಸರು ಬೆಳೆದದ್ದು ಆ ಟವೆಲ್ಲಿನ ಅಡಿಯಲ್ಲಿ. ದನದಲ್ಲಿ ಏನಾದರೂ ಐಬು ಕಂಡರೆ ಅವನು ತುಟಿ ಬಿಚ್ಚುತ್ತಿರಲಿಲ್ಲ. ಸುಮ್ಮನೆ ಕೈ ಎಳೆದುಕೊಂಡು, ಟವೆಲ್ ಕೊಡವಿ ಹೆಗಲಿಗೆ ಹಾಕಿ, ಬಂದ ದಾರಿ ಹಿಡಿಯುತ್ತಿದ್ದ. ಐಬನ್ನು ಮಾರುವವನಿಗೆ ಹೇಳಬಾರದು, ಹೇಳಿದರೆ ಮುಂದಿನ ಗಿರಾಕಿ ಬರುವಷ್ಟರಲ್ಲಿ ಅವನು ಅದನ್ನು ಮುಚ್ಚಿಟ್ಟಿರುತ್ತಾನೆ ಎಂಬುದು ಅವನ ಕಾನೂನು. ಇದರಿಂದ ಎಷ್ಟೋ ಜನ ಮೋಸದಿಂದ ಉಳಿದುಕೊಂಡರು. ಎಷ್ಟು ಒಳ್ಳೆಯ ಎತ್ತುಗಳು ಸುಮ್ಮಸುಮ್ಮನೆ ವಾಪಸು ಹೋದವೋ, ಅದನ್ನು ಯಾರೂ ಲೆಕ್ಕ ಹಾಕಿಲ್ಲ.

ಕಾಲ ಬದಲಾಯಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಬೈಕು ಬಂತು, ಆಮೇಲೆ ಒಬ್ಬೊಬ್ಬರೇ ಸೆಕೆಂಡ್ ಹ್ಯಾಂಡ್ ಕಾರು ಹುಡುಕತೊಡಗಿದರು. ಲಿಂಗಣ್ಣನಿಗೆ ಇವತ್ತಿಗೂ ಡ್ರೈವಿಂಗ್ ಬರುವುದಿಲ್ಲ. ಆದರೆ ದಾವಣಗೆರೆಯ ಗ್ಯಾರೇಜುಗಳ ಮುಂದೆ ಗಂಟೆಗಟ್ಟಲೆ ಕೂತು, ಮೆಕ್ಯಾನಿಕ್ಕುಗಳ ಜಗಳ ಕೇಳಿ ಕೇಳಿ, ಎಲ್ಲೆಲ್ಲಿ ಮೋಸ ಅಡಗಿರುತ್ತದೆ ಎಂದು ತಿಳಿದುಕೊಂಡ. ದನದ ಬಾಯಿ ಬಿಡಿಸುತ್ತಿದ್ದ ಕೈ ಬಾನೆಟ್ ಎತ್ತತೊಡಗಿತು.

ಹೀಗಿರುವಾಗ ಹರಿಹರದಲ್ಲಿದ್ದ ಮಗಳು ರೇಖಾಳಿಗೇ ಒಂದು ಕಾರು ಬೇಕಾಯಿತು. ಅವಳ ಗಂಡ ಗಿರೀಶ ಗುತ್ತೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನ ತಾಯಿ ನಾಗರತ್ನಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಗಾಲಿಕುರ್ಚಿಯಲ್ಲೇ ಓಡಾಟ. ವ್ಯಾಯಾಮ ಮಾಡಿಸಲು ವಾರ ವಾರ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ರತಿ ಸಲವೂ ಆಟೋದವನೊಬ್ಬ, ಗಿರೀಶನೊಬ್ಬ ಕಂಕುಳಿಗೆ ಕೈ ಹಾಕಿ ಆಕೆಯನ್ನು ಎತ್ತುತ್ತಿದ್ದರು. ಓಣಿಯ ಜನ ನಿಂತು ನೋಡುತ್ತಿದ್ದರು. ಒಂದು ಕಾಲಕ್ಕೆ ಆ ಓಣಿಯನ್ನೇ ಗದರಿಸಿಕೊಂಡಿದ್ದ ಹೆಂಗಸು ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಣ್ಣ ಕಾರಿನಲ್ಲಾದರೆ ಸೀಟು ತಗ್ಗು, ಇಳಿಸುವಾಗ ಮತ್ತೆ ಎತ್ತಬೇಕು. ಸೀಟು ಸೊಂಟದ ಮಟ್ಟಕ್ಕಿದ್ದು, ಹಿಂದಿನ ಸಾಲು ಮಡಿಸಿದರೆ ಗಾಲಿಕುರ್ಚಿ ಹಿಡಿಯುವಂಥ ಗಾಡಿ ಬೇಕಿತ್ತು. ಓಣಿಯಲ್ಲಿ ತಿರುಗುವಷ್ಟು ಚಿಕ್ಕದೂ ಇರಬೇಕು. ಹೊಸದು ಕೈಗೆಟುಕುವಂತಿರಲಿಲ್ಲ.

ಅಪ್ಪನನ್ನು ಕರೆಸಿದರು. ಅಪ್ಪ ಬಂದ, ನೋಡಿದ, ಬೇಡವೆಂದ. ಒಂದರ ಬಾಗಿಲಿನ ಬಣ್ಣ ಉಳಿದ ಬಣ್ಣಕ್ಕಿಂತ ಒಂದು ಎಳೆ ತಿಳಿಯಾಗಿತ್ತು. ಒಂದರ ಟೈರು ಒಂದೇ ಮಗ್ಗುಲು ಸವೆದಿತ್ತು. ಇನ್ನೊಂದರಲ್ಲಿ ಏನೂ ಸಿಗದೆ, ಮಾರುವವನು ವಿಪರೀತ ನಗುತ್ತಾನೆ ಎಂದು ಕೈ ಎಳೆದುಕೊಂಡ. ಪ್ರತಿ ಸಲವೂ ಹೀಗೆ ಕೆಲಸ ಕೆಟ್ಟ ಮೇಲೆ ಮಗಳ ಮನೆಯಲ್ಲಿ ರೊಟ್ಟಿ ತಿಂದು, ಮೊಮ್ಮಗಳನ್ನು ಆಡಿಸಿ, ಮುಂದಿನ ಭಾನುವಾರ ಬರುತ್ತೇನೆಂದು ಹೇಳಿ ಬಸ್ಸು ಹತ್ತುತ್ತಿದ್ದ.

ಇದರೊಳಗೆ ಒಂದು ಗುಟ್ಟಿತ್ತು. ಬೀಗರ ಮನೆಗೆ ಕಾರಣವಿಲ್ಲದೆ ಹೋಗಿ ಕೂರುವುದು ಲಿಂಗಣ್ಣನ ಕಾಲದವರಿಗೆ ಮರ್ಯಾದೆಯ ಮಾತಲ್ಲ. ಗಾಡಿ ನೋಡುವುದು ಎಂದರೆ ಕಾರಣ ಸಿಕ್ಕಿದಂತೆ. ಗಾಡಿ ಕೊಂಡಾದ ಮೇಲೆ ಯಾವ ನೆಪದಲ್ಲಿ ಬರುವುದು? ಇದನ್ನು ಅವನು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಜಗತ್ತನ್ನೆಲ್ಲ ಅನುಮಾನಿಸಿದವನಿಗೆ ತನ್ನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

ರೇಖಾಳಿಗೆ ತಾಳ್ಮೆ ತಪ್ಪಿತು. ಫೋನ್ ಮಾಡಿ ನೇರವಾಗಿ ಹೇಳಿದಳು.

"ಅಪ್ಪಾ, ಈ ವಾರ ಒಂದು ಗಾಡಿ ಐತೆ. ನಮ್ಮ ಪಕ್ಕದ ಓಣಿದೇ. ಇದನ್ನೂ ಬ್ಯಾಡ ಅಂದ್ರೆ ಆಮೇಲೆ ನಿನ್ನ ಕರೆಯಾಕಿಲ್ಲ. ನಾವೇ ಏನೋ ಒಂದು ನೋಡ್ಕೊಂತೀವಿ."

ಲಿಂಗಣ್ಣ ಹೂಂ ಎಂದ. ಆದರೆ ಆ ರಾತ್ರಿ ಅನ್ನ ಸೇರಲಿಲ್ಲ.

ಗಾಡಿ ಹಯಾತ್ ಸಾಬರದು. ಮನೆ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ. ಹೊಳೆ ಎಂಬ ಮಾತು ಕಿವಿಗೆ ಬೀಳುತ್ತಲೇ ಲಿಂಗಣ್ಣನ ಹುಬ್ಬು ಮೇಲೇರಿತ್ತು. ಅಂಗಳದಲ್ಲಿ ಬಿಳಿಯ ಏಳು ಸೀಟಿನ ಗಾಡಿ ನಿಂತಿತ್ತು. ನಮಸ್ಕಾರಕ್ಕೂ ಮೊದಲು ಅವನು ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ತಣ್ಣಗಿದ್ದರೆ ಸ್ಟಾರ್ಟ್ ಆಗದ ಇಂಜಿನ್ನನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಟ್ಟಿರುವವರು ಬೇಕಾದಷ್ಟು ಜನ. ಇಲ್ಲಿ ಹಾಗಿರಲಿಲ್ಲ. ಆಯಿಲ್ ಕಡ್ಡಿ ಎಳೆದು ಮೂಸಿದ. ಬಾಗಿಲ ರಬ್ಬರು ಬಿಡಿಸಿ ಬೆಸುಗೆಯ ಚುಕ್ಕಿ ನೋಡಿದ, ಕಂಪನಿಯವೇ ಇದ್ದವು. ನೀರು ಹೊಕ್ಕ ಗಾಡಿಯಾದರೆ ಸೀಟ್ ಬೆಲ್ಟಿನ ತುದಿಯಲ್ಲಿ ಗೆರೆ ಉಳಿದಿರುತ್ತದೆ ಎಂದು ಬೆಲ್ಟನ್ನು ಪೂರ್ತಿ ಹೊರಗೆಳೆದ. ಗೆರೆ ಇರಲಿಲ್ಲ. ಗಿರೀಶ ಹೆದ್ದಾರಿಯವರೆಗೆ ಓಡಿಸಿಕೊಂಡು ಬಂದ. ಕ್ಲಚ್ ಹಗುರ, ಬ್ರೇಕ್ ನೆಟ್ಟಗೆ, ಹೊಗೆ ಇಲ್ಲ. ಕಾಗದದಲ್ಲೂ ಒಬ್ಬನೇ ಮಾಲೀಕ.

ಲಿಂಗಣ್ಣನಿಗೆ ಕಸಿವಿಸಿಯಾಯಿತು. ಇಷ್ಟು ಚೆನ್ನಾಗಿರುವುದನ್ನು ಯಾರಾದರೂ ಯಾಕೆ ಮಾರುತ್ತಾರೆ?

"ಯಾಕ ಮಾರ್ತೀರಿ ಸಾಬ್ರೆ?"

"ಬ್ಯಾರೆ ಗಾಡಿ ತಗೊಂಡೀವ್ರಿ ಯಜಮಾನ್ರೆ. ಎರಡು ನಿಲ್ಸಾಕ ಜಾಗ ಎಲ್ಲೈತೆ?"

"ಏನ್ ವ್ಯಾಪಾರ ನಿಮ್ದು?"

"ದಾವಣಗೆರ್ಯಾಗೆ ಸಣ್ಣದೊಂದು ಐತ್ರಿ," ಎಂದು ಹಯಾತ್ ಸಾಬ್ ಚಹಾ ತರಲು ಒಳಗೆ ಕೂಗಿದರು. ಸಣ್ಣದೊಂದು ಎಂದರೆ ಏನು? ಹೆಸರಿಲ್ಲದ ವ್ಯಾಪಾರವೇ? ಲಿಂಗಣ್ಣ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ಅಷ್ಟರಲ್ಲಿ ರೇಖಾ ಅತ್ತೆಯ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದಳು. ಕುರ್ಚಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿದರು. ನಾಗರತ್ನಮ್ಮ ಎಡಗೈಯಿಂದ ಮೇಲಿನ ಹಿಡಿಕೆ ಹಿಡಿದು, ಸೊಂಟ ಜರುಗಿಸಿ, ಗಿರೀಶ ಕೈ ಚಾಚುವಷ್ಟರಲ್ಲಿ ತಾನೇ ಸೀಟಿನ ಮೇಲೆ ಕೂತಿದ್ದಳು. ಆಕೆಯ ಬಾಯಿಯ ಒಂದು ಮಗ್ಗುಲು ನಕ್ಕಿತು.

"ಎತ್ತಾದು... ಬ್ಯಾಡ," ಎಂದಳು, ತೊದಲುತ್ತ.

ರೇಖಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಲಿಂಗಣ್ಣನಿಗೂ ಸಂತೋಷವಾಯಿತು, ಸುಳ್ಳೇಕೆ. ಆದರೆ ಅವನ ಕೈ ಸುಮ್ಮನಿರಬೇಕಲ್ಲ. ಅದು ಹಿಂದಿನ ಸೀಟಿನ ಅಡಿಗೆ ಹೋಗಿ ಕಾರ್ಪೆಟ್ಟಿನ ಅಂಚು ಎತ್ತಿತು. ಬೆರಳಿಗೆ ಕರಕರ ಎಂದಿತು. ಮರಳು. ಸೀಟಿನ ಬುಡಕ್ಕೆ, ಬೋಲ್ಟಿನ ಸುತ್ತ, ಹಿಂದಿನ ಮೂಲೆಗಳಿಗೆಲ್ಲ ಸಣ್ಣ ಕಪ್ಪು ಮರಳು.

ಸಿಕ್ಕಿತು. ಹೊಳೆ ಏರಿದ ವರ್ಷ ಓಣಿಗೆ ನೀರು ನುಗ್ಗಿದೆ, ಗಾಡಿ ಮುಳುಗಿದೆ, ಬೆಲ್ಟು ಬದಲಿಸಿದ್ದಾರೆ, ಮರಳು ಮರೆತಿದ್ದಾರೆ. ಅವನ ಎದೆಯಲ್ಲಿ ಎದ್ದದ್ದು ದುಃಖವೋ ಸಮಾಧಾನವೋ ಹೇಳುವುದು ಕಷ್ಟ. ಒಂದು ಚಿಟಿಕೆ ಮರಳು ತೆಗೆದು ಟವೆಲ್ಲಿನ ಮೂಲೆಗೆ ಗಂಟು ಹಾಕಿದ. ಟವೆಲ್ ಕೊಡವದೆ ಹೆಗಲಿಗೇರಿಸಿದ.

"ಬರ್ತೀವಿ ಸಾಬ್ರೆ. ಆಮೇಲೆ ಹೇಳ್ತೀವಿ."

"ಯಾಕ್ರಿ, ಏನಾತು?" ಹಯಾತ್ ಸಾಬ್ ಚಹಾದ ತಟ್ಟೆ ಹಿಡಿದು ನಿಂತೇ ಇದ್ದರು. ಲಿಂಗಣ್ಣ ತನ್ನ ಕಾನೂನಿನಂತೆ ತುಟಿ ಬಿಚ್ಚಲಿಲ್ಲ. ನಾಗರತ್ನಮ್ಮನನ್ನು ಕೆಳಗಿಳಿಸಬೇಕಾಯಿತು. ಆಕೆ ಕಣ್ಣು ಮುಚ್ಚಿಕೊಂಡಳು. ರೇಖಾ ಅಪ್ಪನ ಮುಖ ನೋಡದೆ ಕುರ್ಚಿ ತಳ್ಳಿಕೊಂಡು ಹೋದಳು.

ಓಣಿಯ ಮೂಲೆಯ ಮಂಡಕ್ಕಿ ಅಂಗಡಿಯಲ್ಲಿ ಗಿರೀಶ ಮಾವನನ್ನು ನಿಲ್ಲಿಸಿದ. "ಏನ್ ಕಂಡ್ರಿ ಮಾವಾರೆ? ಈಗಾದ್ರೂ ಹೇಳ್ರಿ."

"ಹೊಳೆ ನೀರು ಹೊಕ್ಕ ಗಾಡಿ ಅದು. ಸೀಟಿನ ಬುಡಕ್ಕೆಲ್ಲ ಮರಳು ಕುಂತೈತೆ. ಇವತ್ತು ಓಡತೈತೆ, ನಾಳೆ ನಡು ರಸ್ತ್ಯಾಗೆ ನಿಮ್ಮವ್ವನ್ನ ಕೂರಿಸ್ಕೊಂಡು ನಿಂತ್ಕಂಡ್ರೆ ಏನ್ ಮಾಡ್ತೀರಿ?"

ಮಾರುವವನ ಮುಂದೆ ಬಿಗಿಯುವ ಲಿಂಗಣ್ಣನ ಬಾಯಿ ಮಿಕ್ಕವರ ಮುಂದೆ ಧಾರಾಳ. ಪಕ್ಕದ ಬೆಂಚಿನಲ್ಲಿ ಮಿರ್ಚಿ ಕಡಿಯುತ್ತಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬ ಫೋನ್ ತೆಗೆದುಕೊಂಡು ಎದ್ದು ಹೋದ.

ಮಂಡಕ್ಕಿ ಬಂತು. ಮೇಲೆ ಈರುಳ್ಳಿ, ಕೊತ್ತಂಬರಿ, ಪಕ್ಕಕ್ಕೆ ಮಿರ್ಚಿ. ಗಿರೀಶ ಮುಟ್ಟಲಿಲ್ಲ. ಲಿಂಗಣ್ಣ ಒಂದು ಮುಕ್ಕು ಬಾಯಿಗೆ ಹಾಕಿ ಅಗಿದ. ಹಲ್ಲಿಗೆ ಕರಕ್ ಎಂದಿತು.

ಇದೇನು ಹೊಸದಲ್ಲ. ಕಾದ ಮರಳಿನಲ್ಲಿ ಅಕ್ಕಿ ಹುರಿದೇ ಮಂಡಕ್ಕಿ ಅರಳುವುದು. ಎಷ್ಟು ಜರಡಿ ಹಿಡಿದರೂ ಒಂದೊಂದು ಕಾಳು ಮರಳು ಉಳಿದೇ ಉಳಿಯುತ್ತದೆ. ದಾವಣಗೆರೆ ಸೀಮೆಯಲ್ಲಿ ಹುಟ್ಟಿದವರು ಅದನ್ನು ನಾಲಗೆಯ ತುದಿಯಿಂದ ತೆಗೆದು ಮಾತು ಮುಂದುವರಿಸುತ್ತಾರೆ. ಲಿಂಗಣ್ಣನೂ ತೆಗೆದ. ತೆಗೆದವನು ಬೆರಳಿನ ತುದಿಯನ್ನೇ ನೋಡುತ್ತ ಕೂತುಬಿಟ್ಟ. ಆಮೇಲೆ ಮೆಲ್ಲಗೆ ಟವೆಲ್ಲಿನ ಗಂಟು ಬಿಚ್ಚಿದ. ಅದೇ ಕಪ್ಪು. ಅದೇ ಸಣ್ಣ ಹರಳು. ಹೊಳೆಯ ನೀರು ತಂದ ಮರಳಾದರೆ ಕೆಸರು ಹಿಡಿದಿರಬೇಕಿತ್ತು, ಇದು ಹುರಿದ ಮರಳು. ಮರಳಿನ ನಡುವೆ ಒಂದು ಅರಳದ ಅಕ್ಕಿಕಾಳು ಕೂಡ ಇತ್ತು.

"ಈ ಮಂಡಕ್ಕಿ ಎಲ್ಲಿಂದಪ್ಪ?" ಎಂದು ಅಂಗಡಿಯವನನ್ನು ಕೇಳಿದ.

"ದಾವಣಗೆರ್ಯಾಗಿನ ನಮ್ಮ ಹಯಾತ್ ಸಾಬ್ರ ಮಂಡಕ್ಕಿ ಹುರಿಯೋ ಭಟ್ಟಿದು. ಮೊನ್ನೆ ತನಕ ಆ ಬಿಳಿ ಗಾಡ್ಯಾಗೇ ಹಿಂದಿನ ಸೀಟು ಮಡಚಿ ಚೀಲ ತಂದು ಹಾಕ್ತಿದ್ರು. ಈಗ ಅದಕ್ಕಂತ ಗೂಡ್ಸ್ ಆಟೋ ತಗೊಂಡಾರ."

ಮಂಡಕ್ಕಿ ಚೀಲ. ಅದರ ತೂಕವೆಷ್ಟು? ಒಂದು ಮಗು ಎತ್ತಿಕೊಂಡು ಓಡಬಹುದು. ಗಾಡಿಯ ಸ್ಪ್ರಿಂಗಿಗೆ ಅದು ಹತ್ತಿದ್ದೂ ಗೊತ್ತಾಗಿರಲಿಕ್ಕಿಲ್ಲ.

ಗಿರೀಶನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಲಿಂಗಣ್ಣ ಬೇಕಿದ್ದರೆ ಮರಳನ್ನು ಅಲ್ಲೇ ಕೊಡವಿ, ಮಂಡಕ್ಕಿ ಮುಗಿಸಿ, ಬಸ್ಸು ಹತ್ತಬಹುದಿತ್ತು. ಹೆಸರು ಉಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡ ನಾಗರತ್ನಮ್ಮನ ಮುಖ ಅವನಿಗೆ ನೆನಪಾಯಿತು. ಅದರ ಹಿಂದೆಯೇ, ಮರಳು ಸಿಕ್ಕಾಗ ತನ್ನೊಳಗೆ ಎದ್ದ ಆ ಸಮಾಧಾನವೂ ನೆನಪಾಯಿತು. ಮೊದಲ ಸಲ ಅವನಿಗೆ ತನ್ನ ಮೇಲೇ ಅನುಮಾನ ಬಂತು, ಅದು ನಿಜವೆಂದೂ ಆ ಕ್ಷಣವೇ ಗೊತ್ತಾಯಿತು. ಮರಳನ್ನು ಮತ್ತೆ ಗಂಟು ಹಾಕಿ ಎದ್ದ.

"ಏಳ್ರಿ ಗಿರೀಶಪ್ಪ. ವಾಪಸ್ ಹೋಗಾನ. ನಂದೇ ತಪ್ಪಾಗೈತೆ."

ಹಯಾತ್ ಸಾಬರ ಬಾಗಿಲಲ್ಲಿ ಅವರ ಹೆಂಡತಿ ಸಿದ್ದೀಕಾ ನಿಂತಿದ್ದರು. ಬನ್ನಿ ಎನ್ನಲಿಲ್ಲ.

"ಸಂಜೀಗೆ ಇನ್ನೊಬ್ರು ನೋಡಾಕ ಬರೋರಿದ್ರು. ಈಗ ಫೋನ್ ಮಾಡಿ ಬ್ಯಾಡ ಅಂದ್ರು. ಹೊಳೆ ನೀರು ಹೊಕ್ಕೈತಂತೆ ನಮ್ಮ ಗಾಡಿಗೆ. ಯಾರ್ ಹೇಳಿದ್ರು ಅದನ್ನ?"

"ನಾನೇ ಹೇಳಿದ್ದು ತಾಯಿ," ಎಂದ ಲಿಂಗಣ್ಣ. ಟವೆಲ್ಲಿನ ಮೂಲೆಯನ್ನು ಬಿಚ್ಚಿ ತೋರಿಸಿದ. ಮಂಡಕ್ಕಿಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಸಿದ್ದೀಕಾ ಮರಳನ್ನೂ ಅವನನ್ನೂ ನೋಡಿದರು.

"ಅಲ್ಲೇ ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ ನಾವು?"

ಲಿಂಗಣ್ಣನ ಇಷ್ಟು ವರ್ಷದ ಕಾನೂನು ಆ ಒಂದು ಪ್ರಶ್ನೆಯ ಮುಂದೆ ಮುಗ್ಗರಿಸಿ ಬಿತ್ತು.

ಹಯಾತ್ ಸಾಬ್ ಹೊರಗೆ ಬಂದರು. ಈಗ ಅನುಮಾನಿಸುವ ಸರದಿ ಅವರದು. "ಯಜಮಾನ್ರೆ, ಮೊದ್ಲು ಹೆಸರು ಕೆಡಿಸಾದು, ಆಮೇಲೆ ಕಡಿಮೀಗೆ ಕೇಳಾದು. ಇಂಥಾ ವ್ಯಾಪಾರ ನಾನೂ ನೋಡೀನಿ. ನಿಮಗೆ ಮಾರಾಕಿಲ್ಲ, ಹೋಗ್ರಿ."

ಲಿಂಗಣ್ಣ ವಾದ ಮಾಡಲಿಲ್ಲ. ಹೆಗಲ ಟವೆಲ್ ತೆಗೆದು ಬಲಗೈ ಚಾಚಿ, ಅದರ ಮೇಲೆ ಹರವಿಕೊಂಡು ನಿಂತ. ಹಯಾತ್ ಸಾಬ್ ಆ ಟವೆಲ್ಲನ್ನು ನೋಡಿದರು. ಅವರ ತಂದೆಯೂ ದನದ ಸಂತೆ ಮಾಡಿದವರೇ. ಬೇಕೋ ಬೇಡವೋ ಎಂಬಂತೆ ಟವೆಲ್ಲಿನ ಅಡಿಗೆ ಕೈ ತಂದರು.

ಲಿಂಗಣ್ಣ ಬೆರಳು ಹಿಡಿದ. ಸಾಬರು ಬೆಳಿಗ್ಗೆ ಹೇಳಿದ್ದ ಬೆಲೆಯಷ್ಟನ್ನೂ ಹಿಡಿದ, ಒಂದನ್ನೂ ಬಿಡಲಿಲ್ಲ. ಹಯಾತ್ ಸಾಬರ ಕಣ್ಣುಗಳು ಅವನ ಮುಖವನ್ನು ಹುಡುಕಿದವು. ಎಲ್ಲಿ ಕೈ ಎಳೆದುಕೊಳ್ಳುತ್ತಾನೋ ಎಂದು ಅವರು ಕಾದರು. ಲಿಂಗಣ್ಣ ಎಳೆದುಕೊಳ್ಳಲಿಲ್ಲ. ಆಗ ಟವೆಲ್ಲಿನ ಒಳಗೆ ಸಾಬರ ಒಂದು ಬೆರಳು ತಾನಾಗಿಯೇ ಮಡಚಿಕೊಂಡಿತು.

ಗಿರೀಶನಿಗೂ ಸಿದ್ದೀಕಾಗೂ ಕಂಡದ್ದು ಇಬ್ಬರು ಮುದುಕರು ಸುಮ್ಮನೆ ನಿಂತದ್ದು ಮಾತ್ರ.

"ಚಹಾ ತಣ್ಣಗಾಗೈತೆ. ಬ್ಯಾರೆ ಮಾಡ್ಸು," ಎಂದರು ಹಯಾತ್ ಸಾಬ್ ಹೆಂಡತಿಗೆ.

ಮುಂದಿನ ಭಾನುವಾರ ಗಾಡಿ ಮಗಳ ಮನೆಯ ಮುಂದೆ ನಿಂತಿತು. ಲಿಂಗಣ್ಣ ಪೂಜೆಯ ನೆಪಕ್ಕೆ ಬಂದಿದ್ದ. ಟೈರಿಗೆ ನಿಂಬೆಹಣ್ಣು ಇಟ್ಟದ್ದಾಯಿತು, ಗಾಡಿ ಅದರ ಮೇಲೆ ಹರಿದದ್ದೂ ಆಯಿತು. ನಾಗರತ್ನಮ್ಮ ಎಡಗೈಯಲ್ಲಿ ಹಿಡಿಕೆ ಹಿಡಿದು ತಾನೇ ಹತ್ತಿ ಕೂತಳು. ಓಣಿಯ ಜನ ನಿಂತು ನೋಡಿದರು. ಈ ಸಲ ಆಕೆ ಅವರನ್ನು ತಿರುಗಿ ನೋಡಿದಳು.

"ಅಪ್ಪಾ, ನಿಜ ಹೇಳು. ಗಾಡಿ ಹೆಂಗೈತೆ?" ರೇಖಾ ಕೇಳಿದಳು. ಕಣ್ಣಲ್ಲಿ ಅಪ್ಪನದೇ ಅನುಮಾನ.

"ಚಲೋ ಐತೆ," ಎಂದ ಲಿಂಗಣ್ಣ. ಆ ಮಾತು ಅವನ ಬಾಯಲ್ಲಿ ಹೊಸ ಚಪ್ಪಲಿಯಂತೆ ಕಚ್ಚಿತು.

ಊಟವಾಯಿತು. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಇನ್ನು ನೋಡಲು ಯಾವ ಗಾಡಿಯೂ ಉಳಿದಿರಲಿಲ್ಲ. ಬಾಗಿಲ ತನಕ ಬಂದ ಮಗಳಿಗೆ, ಮುಂದಿನ ವಾರ ಬರುತ್ತೇನೆ ಎಂದು ಹೇಳಲು ಹೋಗಿ, ನಾಲಗೆ ತಡೆಯಿತು.

"ಭಾನುವಾರ ಬರ್ತೀಯಲ್ಲ?" ಎಂದಳು ರೇಖಾ.

"ಯಾಕ? ಮತ್ತ್ಯಾರಾದ್ರೂ ಗಾಡಿ ತಗೊಳ್ಳೋರು ಅದಾರಾ?"

"ಯಾರೂ ಇಲ್ಲ. ಸುಮ್ನೆ ಬಾ."

ಲಿಂಗಣ್ಣ ಬಸ್ ಸ್ಟ್ಯಾಂಡಿನ ತನಕ ನಡೆದು ಹೋದ. ದಾರಿಯುದ್ದಕ್ಕೂ ಆ ಮಾತನ್ನು ತಿರುವಿ ತಿರುವಿ ನೋಡಿದ. ಅದರಲ್ಲಿ ಅವನಿಗೆ ಯಾವ ಐಬೂ ಸಿಗಲಿಲ್ಲ.