ಹೊಡೆದುಹಾಕಿದ ಸಾಲು

ಓದಿ ಮುಗಿದ ಕಾಗದಗಳನ್ನು ಗೋಡೆಯ ಮೊಳೆಗೆ ತೂಗಿದ ತಂತಿಗೆ ಚುಚ್ಚಿಡುವುದು ಆಗ ನಮ್ಮ ತಿಪಟೂರಿನ ಮನೆಮನೆಯ ರೂಢಿ. ನಿಮ್ಮ ಮನೆಯಲ್ಲೂ ಅಂಥದೊಂದು ತಂತಿ ಇದ್ದೀತು. ಲಗ್ನಪತ್ರಿಕೆ, ಕರೆಂಟು ಬಿಲ್ಲು, ಮಗಳ ಕ್ಷೇಮಸಮಾಚಾರ, ಎಲ್ಲಕ್ಕೂ ನಡುವೆ ಒಂದೇ ತೂತು. ಬಂದ ಕಾಗದ ಹೀಗೆ ಮನೆಯದಾಗುತ್ತದೆ, ಬರೆದದ್ದು ಕೈಬಿಟ್ಟು ಹೋಗುತ್ತದೆ; ಯಾರಿಗೆ ಏನು ಬರೆದೆವೆಂಬುದು ಕೆಲವು ವರ್ಷಗಳಲ್ಲಿ ನಮಗೇ ಮರೆಯುತ್ತದೆ. ತೆಂಗಿನ ವಿಜ್ಞಾನಿ ನಂಜುಂಡಯ್ಯನವರು ಮಾತ್ರ ತಾವು ಬರೆದ ಪತ್ರಗಳ ಕರಡುಗಳನ್ನೂ ಚುಚ್ಚಿಡುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ಅವರು ತೀರಿಕೊಂಡರು. ಪತ್ರಿಕೆಗೆ ಅವರ ಬಗ್ಗೆ ಬರೆಯಬೇಕಿದ್ದ ನಾನು ಅವರ ಹೆಂಡತಿ ಗೌರಮ್ಮನವರನ್ನು ಕಂಡಾಗ ಅವರು ಆ ತಂತಿಯನ್ನೇ ಕೈಗಿತ್ತರು. ಹೆಚ್ಚಿನ ಪತ್ರಗಳು ಸನ್ಮಾನಗಳ ಕುರಿತವು: ಯಾರ ಹೆಸರು ಸೂಚಿಸಬಹುದು, ಯಾರು ಇನ್ನಷ್ಟು ಕಾಯಬಹುದು. ಒಂದು ಕರಡಿನ ಮೇಲೆ ಕಣ್ಣು ನಿಂತಿತು. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವನ್ನು ಹತೋಟಿಗೆ ತಂದ ಕೆಲಸಕ್ಕೆ ಪದಕ ಕೊಡುವ ಮುನ್ನ ಮೇಲಧಿಕಾರಿಗಳು ವಿವರ ಕೇಳಿದ್ದರು. ಅದಕ್ಕೆ ಬರೆದ ಉತ್ತರ ಅದು. ‘ಹುಳುವನ್ನು ಕೊಲ್ಲುವ ಕಣಜವನ್ನು ಹಂದನಕೆರೆಯ ತೋಟದಲ್ಲಿ ಮೊದಲು ಗುರುತಿಸಿದವರು ನನ್ನ ಸಹೋದ್ಯೋಗಿ ಚನ್ನಬಸಪ್ಪ.’ ಈ ಸಾಲನ್ನು ಶಾಯಿಯಲ್ಲಿ ಹೊಡೆದುಹಾಕಿ, ಅಂಚಿನಲ್ಲಿ ಮತ್ತೆ ಬರೆದು, ಅದನ್ನೂ ಹೊಡೆದುಹಾಕಿದ್ದರು. ಜೊತೆಗಿದ್ದ ಟೈಪು ಪ್ರತಿಯಲ್ಲಿ ಆ ಸಾಲೇ ಇರಲಿಲ್ಲ. ಪದಕ ಒಬ್ಬರಿಗೇ ಬಂದಿತ್ತು.

“ಅವತ್ತಿಂದ ಚನ್ನಬಸಪ್ಪೋರು ನಮ್ ಮನೆ ಮೆಟ್ಲು ತುಳೀಲಿಲ್ಲ. ಮಣ್ಣಿಗೂ ಬರ್ಲಿಲ್ಲ,” ಎಂದರು ಗೌರಮ್ಮ. “ಇದು ಪೇಪರಿಗಲ್ಲ ಕಣಪ್ಪ, ಅವ್ರಿಗೆ ತೋರ್ಸು. ನಾಡಿದ್ದು ಹನ್ನೊಂದನೇ ದಿನ. ಗಣಾರಾಧನೆಗಾದ್ರೂ ಬರ್ಲಿ.”

“ಓದಿದ್ರೆ ಸಿಟ್ಟು ಹೆಚ್ಚಾಗ್ತದಲ್ಲಮ್ಮ.”

“ಆಗ್ಲಿ. ಮುಚ್ಚಿಟ್ಕೊಂಡು ಹೆಂಗಪ್ಪ ಕರೆಯೋದು?”

ಚನ್ನಬಸಪ್ಪನವರ ಊರಾದ ಹೊನ್ನವಳ್ಳಿಯ ಬಸ್ಸಿನಲ್ಲಿ ಕುಳಿತು ನನ್ನ ಕಸುಬನ್ನು ನೆನೆದೆ. ಜಾಗ ಸಾಲದಾಗ ನಾವು ವರದಿಯ ಬಾಲ ಕತ್ತರಿಸುತ್ತೇವೆ; ನೆರವಾದವರ ಹೆಸರುಗಳು ಸಾಮಾನ್ಯವಾಗಿ ಆ ಬಾಲದಲ್ಲೇ ಇರುತ್ತವೆ. ಹಾಗೆ ನಾನೂ ಎಷ್ಟು ಜನರನ್ನು ಕಳೆದಿದ್ದೇನೋ ಲೆಕ್ಕವಿಲ್ಲ. ಆದರೆ ನಂಜುಂಡಯ್ಯನವರ ಟೈಪು ಪ್ರತಿಯಲ್ಲಿ ಅರ್ಧ ಪುಟ ಖಾಲಿಯಿತ್ತು. ಕೀರ್ತಿಗೆ ಜಾಗದ ಕೊರತೆ ಕಾಗದದಲ್ಲಿ ಇರುವುದಿಲ್ಲವೆಂದು ಕಾಣುತ್ತದೆ. ಕೆಟ್ಟ ಮನುಷ್ಯ ಆ ಸಾಲನ್ನು ಬರೆಯುತ್ತಲೇ ಇರಲಿಲ್ಲ, ದೊಡ್ಡ ಮನುಷ್ಯ ಹೊಡೆಯುತ್ತಿರಲಿಲ್ಲ. ನಮ್ಮಲ್ಲಿ ಬಹುಮಂದಿ ಈ ಇಬ್ಬರ ನಡುವೆ ಪೆನ್ನು ಹಿಡಿದು ಕುಳಿತವರು.

ನಿವೃತ್ತರಾಗಿದ್ದ ಚನ್ನಬಸಪ್ಪನವರು ಜಗಲಿಯಲ್ಲೇ ಸಿಕ್ಕರು. ಗೌರಮ್ಮನವರು ನಾಡಿದ್ದಿನ ಗಣಾರಾಧನೆಗೆ ಕರೆದಿದ್ದಾರೆಂದು ಹೇಳಿ ಕರಡನ್ನು ಕೊಟ್ಟೆ. ಕನ್ನಡಕ ಏರಿಸಿ ಅದನ್ನು ಬೆಳಕಿಗೆ ಹಿಡಿದರು.

“ಇವ್ನ ಅಕ್ಷರ ಆವತ್ತೂ ಹಿಂಗೇ, ಕೋಳಿ ಕೆದರ್ದಂಗೆ. ಟೈಪಿಸ್ಟಿಗೆ ನಾನೇ ಓದಿ ಹೇಳ್ಬೇಕಿತ್ತು,” ಎಂದರು. ಬೆರಳು ಸಾಲಿನಿಂದ ಅಂಚಿಗೆ ಹೋಯಿತು, ಅಂಚಿನಿಂದ ಸಾಲಿಗೆ ಬಂತು. “ಇದೊಂದನ್ನ ಮಾತ್ರ ನನ್ ಕೈಗೆ ಕೊಡ್ಲಿಲ್ಲ.”

“ಎರಡು ಸಲ ಹೊಡೆದುಹಾಕಿದ್ದಾರೆ, ಸಾರ್,” ಎಂದೆ. ಕಂಡದ್ದನ್ನು ಕಂಡಂತೆ ಹೇಳುವುದು ನನಗೆ ರೂಢಿ.

“ಎಲ್ಡು ಸಲ ಬರ್ದವ್ನೆ ಕಣ್ರೀ,” ಎಂದರು ಅವರು.

ಕಾಗದವನ್ನು ಹಳೆಯ ಮಡಿಕೆಗೇ ಮಡಿಸಿ ನನಗೆ ಕೊಟ್ಟು, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು.

“ನಾಡಿದ್ದು ಎಷ್ಟೊತ್ತಿಗಂತೆ?”